ಆರು ಅಂದ್ರೆ ಆರು

ಬೆಳಿಗ್ಗೆಯಿಂದ ಶಿವರಾಜು ಹಲಗೂರನ್ನ ಕೂಗಿರಲಿಲ್ಲ. ಮದ್ದೂರು ಬಸ್ ಸ್ಟಾಂಡಿನ ಹೊರಗೆ, ಪ್ರೈವೇಟ್ ಬಸ್ಸು ನಿಲ್ಲೋ ಕಡೆ, ಫುಟ್‌ಬೋರ್ಡಿಗೆ ಒಂದು ಕಾಲು ಕೊಟ್ಟು ನಿಂತ್ಕೊಂಡು 'ದೊಡ್ಡಿ ದೊಡ್ಡಿ, ಚಿಕ್ಕರಸಿನಕೆರೆ, ಮಳವಳ್ಳಿ ಮಳವಳ್ಳಿ ಮಳವಳ್ಳೀ' ಅಂತ ಜನಾನ ಕರೆಯೋದು ಅವನ ಉದ್ಯೋಗ. ಇಡೀ ದಿನ ಊರವರನ್ನೆಲ್ಲ ಎಲ್ಲೆಲ್ಲಿಗೋ ಹೊರಡಿಸಿ ತಾನು ಮಾತ್ರ ಇದ್ದಲ್ಲೇ ಇರೋ ಉದ್ಯೋಗ. ಮಳವಳ್ಳಿ ಆದ ಮೇಲೆ ಹಲಗೂರು ಬರಬೇಕು. ಬಸ್ಸೇನೋ ಅಲ್ಲೀವರೆಗೂ ಹೋಗ್ತಿತ್ತು, ಬಾಯಿ ಮಳವಳ್ಳೀಲೇ ಇಳಿದ್ಬಿಡ್ತಿತ್ತು. ಹಿಂದಿನ ತಿಂಗಳವರೆಗೂ ಅವನು ಎಲ್ಲರ ಹಾಗೆ 'ಅಲಗೂರು ಅಲಗೂರು' ಅಂತಲೇ ಕೂಗ್ತಿದ್ದ, ಹಲಗೂರಿನವರೂ ಅದು ತಮ್ಮೂರೇ ಅಂತ ತಕರಾರಿಲ್ದೆ ಹತ್ತಿ ಕೂರ್ತಿದ್ರು. ಈಗ ಆ ಹೆಸರು ಗಂಟಲ ಹತ್ರ ಬರೋ ಹೊತ್ತಿಗೆ ಒಳಗಡೆ ಯಾರೋ ಪೊಲೀಸಿನವನ ಹಂಗೆ ಕೈ ಅಡ್ಡ ಹಿಡಿದು ಕೇಳೋನು: ಹಾ ಅಂತೀಯೋ, ಆ ಅಂತೀಯೋ? ಮೊದಲೇ ಯೋಚನೆ ಮಾಡ್ಕೊ, ಆಮೇಲೆ ನಾನಂದಿದ್ದು ಅದಲ್ಲ ಅನ್ನಬೇಡ.

"ಲೇ ಸಿವರಾಜ, ಅಲಗೂರು ಕೂಗ್ಲಾ," ಅಂದ ಕಂಡಕ್ಟರ್ ನಾಗರಾಜು, ಟಿಕೆಟ್ ಮಿಷನ್ನಿನಿಂದ ಬೆನ್ನು ಕೆರ್ಕೊಳ್ತಾ. "ಅಲಗೂರೋರು ಏನ್ ಪಾಪ ಮಾಡವ್ರೆ?"

"ಕೂಗ್ತಿವ್ನಲ್ಲಣ್ಣ."

"ಎಲ್ ಕೂಗ್ದೆ? ನುಂಗ್ದೆ. ಬಾಯ್ನಾಗೆ ವಡೆ ಮಡಿಕಂಡಿದ್ದೀಯಾ? ಆ ಮುದುಕಿ ನೋಡು, ಅರ್ಧ ಗಂಟೆಯಿಂದ ಅಲಗೂರ್ ಬಸ್ಸಿನ ಪಕ್ಕದಾಗೇ ನಿಂತ್ಕಂಡು ಅಲಗೂರ್ ಬಸ್ಸು ಯಾವಾಗ ಬತ್ತದೆ ಅಂತ ಕಾಯ್ತಾ ಅವ್ಳೆ."

ಶಿವರಾಜು ಮುದುಕಿಯ ಚೀಲ ಇಸ್ಕೊಂಡು ಕೈ ಹಿಡಿದು ಹತ್ತಿಸಿದ. ಮಾತಾಡದೆ ಮಾಡೋ ಕೆಲಸ ಎಷ್ಟು ಹಗುರ ಅನ್ನಿಸ್ತು. ಒಂದಕ್ಷರದ ಸಮಾಚಾರ ಇದು, ನಂಬಿದ್ರೆ ನಂಬಿ. ಅವನ ಟ್ಯಾಂಕ್ ಕಾಲೋನೀಲಿ ಹಕಾರವನ್ನ ಅಜ್ಜಂದಿರ ಕಾಲದಲ್ಲೇ ಕೈಬಿಟ್ಟಿದ್ರು. ಹಾಲು ಆಲಾಗಿ, ಹೂವು ಊವಾಗಿ, ಹೆಂಡತಿ ಎಂಡ್ತಿ ಆಗಿ ಯಾವ ಸಂಸಾರವೂ ಮುರಿದಿರ್ಲಿಲ್ಲ. ಹಸಿವು 'ಅಸಿವು' ಆದ್ರೂ ಒಂದು ಗುಲಗಂಜಿ ತೂಕ ಕಮ್ಮಿ ಆಗಿರ್ಲಿಲ್ಲ. ಸರ್ಕಾರಿ ಸ್ಕೂಲಲ್ಲಿ ಹೊಂಬಾಳಮ್ಮ ಮೇಡಂ ಒಬ್ರೇ ಈ ಅನ್ಯಾಯದ ವಿರುದ್ಧ ನಿಂತವ್ರು. ಮಕ್ಕಳ ಬಾಯಿ ಮುಂದೆ ಒಂದು ಚೂರು ಕಾಗದ ಹಿಡಿದು, 'ಹ ಅನ್ನು, ಕಾಗದ ಅಲ್ಲಾಡ್ಬೇಕು' ಅನ್ನೋರು. ಶಿವರಾಜು 'ಅ' ಅನ್ನೋನು. ಕಾಗದ ಕಲ್ಲಿನ ಹಂಗೆ ನಿಂತಿರೋದು. 'ನಿನ್ನ ಬಾಯಲ್ಲಿ ಗಾಳೀನೇ ಇಲ್ವೇನೋ, ಇನ್ನೊಂದ್ಸಲ ಅನ್ನು, ಹಂಸ.' 'ಅಂಸ, ಒಂಬಾಳಮ್ಮ ಮೇಡಂ.' ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು, ನಕ್ಕವರಲ್ಲಿ ಒಬ್ಬರ ಬಾಯಿಗೂ ಹಕಾರ ಬರ್ತಿರ್ಲಿಲ್ಲ ಅನ್ನೋದು ಬೇರೆ ಮಾತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಪಕ್ಕದಲ್ಲೇ ಕೂತಿದ್ದ ಯತೀಶ.

ಯತೀಶ ಅವನ ಗೆಳೆಯ. ಗೆಳೆಯ ಅಂದ್ರೆ ಶಿವರಾಜು ಅವನಿಗೆ ಗೆಳೆಯ, ಅವನು ಊರಿಗೆಲ್ಲ ಹೀರೋ. ಶಿವರಾಜುವಿನ ಅವ್ವ ಕತ್ತಲು ಹರಿಯೋಕೆ ಮುಂಚೆ ಗಾರ್ಮೆಂಟ್ಸಿನ ವ್ಯಾನು ಹತ್ತಿ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬರೋಳು, ಹಾಗಾಗಿ ಇವನು ಬೆಳೆದಿದ್ದು ಪಕ್ಕದ ಮನೆ ಚಲುವಮ್ಮನ ಅಡುಗೆಮನೇಲಿ, ಅವಳ ಮಗ ಯತೀಶನ ತಟ್ಟೆ ಪಕ್ಕದಲ್ಲಿ. ಚಲುವಮ್ಮನಿಗೆ ವಡೆ ಹೋಟ್ಲಲ್ಲಿ ಈರುಳ್ಳಿ ಹೆಚ್ಚೋ ಕೆಲಸ. ಮದ್ದೂರು ವಡೇನ ತಿಂದು ಹೊಗಳೋರಿಗೆ ಅದರೊಳಗಿನ ಈರುಳ್ಳಿ ಯಾರ ಕಣ್ಣಲ್ಲಿ ನೀರು ತರಿಸ್ತು ಅನ್ನೋದು ಬೇಕಾಗಿಲ್ಲ. ಅವಳ ಕಣ್ಣು ಯಾವಾಗ್ಲೂ ಒದ್ದೆಯಾಗಿರೋದ್ರಿಂದ ಅವಳು ನಿಜವಾಗ್ಲೂ ಅತ್ತಿದ್ದು ಕಾಲೋನಿಗೆ ಗೊತ್ತಾಗ್ತಾನೇ ಇರ್ಲಿಲ್ಲ. ಮಗ ಒಳ್ಳೆ ಡ್ರೈವರ್ ಆಗ್ಲಿ ಅಂತ ಅವಳು ಹರಕೆ ಹೊತ್ತಿದ್ಲು. ಮಗ ಒಂದು ಒತ್ತಕ್ಷರ ಮಾತ್ರ ಬಿಟ್ಟು ಡೈವರ್ ಆದ. ಮೊಬೈಲಲ್ಲಿ ಅವನ ಹೆಸರೇ 'ಯತಿ ದಿ ಡೈವರ್'. ನಾಲೆ ಸೇತುವೆ ಕಟ್ಟೆ ಮೇಲೆ ನಿಂತ್ಕೊಂಡು, ಅಂಗಿ ಬಿಚ್ಚಿ, ಕೂದಲು ಮಾತ್ರ ಸರಿಮಾಡ್ಕೊಂಡು, ಹರಿಯೋ ನೀರಿಗೆ ಹಾರೋದು. ಅದನ್ನ ರೀಲ್ ಮಾಡಿ ಬಿಡೋದು. ಹೋದ ವರ್ಷ ಅದೇ ಸೇತುವೆಯಿಂದ ಹಾರಿದ ಒಬ್ಬ ಹುಡುಗ ನೀರೊಳಗೇ ಉಳಿದ. ಅವನಿಗೆ ಸರ್ಕಲ್ಲಲ್ಲಿ ಫ್ಲೆಕ್ಸ್ ಬಿತ್ತು, ಕೂಲಿಂಗ್ ಗ್ಲಾಸ್ ಹಾಕಿ, ಹಿಂದೆ ಎರಡು ಪಾರಿವಾಳ ಹಾರಿಸಿ, 'ಮತ್ತೆ ಹುಟ್ಟಿ ಬಾ ಗೆಳೆಯ' ಅಂತ. ಬದುಕಿದ್ದಾಗ ರೇಷನ್ ಕಾರ್ಡಲ್ಲೂ ನೆಟ್ಟಗೆ ಫೋಟೋ ಬರದವನು ಸತ್ತ ಮೇಲೆ ಇಪ್ಪತ್ತಡಿ ಬೆಳೆದಿದ್ದ. ಅದನ್ನ ನೋಡಿ ಹುಡುಗರು ಹೆದರ್ಲಿಲ್ಲ. ಫೋಟೋ ಚೆನ್ನಾಗಿ ಬಂದೈತೆ ಕಣ್ಲಾ ಅಂದ್ರು.

ಶಿವರಾಜು ಒಂದ್ಸಲಾನೂ ಹಾರಿದವನಲ್ಲ. ಅವನ ಪಾಲಿಗೆ ಬಂದಿದ್ದು ಎಣಿಕೆ. ಹಾರೋಕೆ ಗುಂಡಿಗೆ ಬೇಕು, ಎಣಿಸೋಕೆ ಗಂಟಲು ಸಾಕು. ಬಸ್ ಸ್ಟಾಂಡಿನ ಗಂಟಲು ಅವನದು. ಒಂದರಿಂದ ಹತ್ತು ಎಣಿಸೋದು, ಹತ್ತು ಅಂದಾಗ ಯತೀಶ ಹಾರೋದು. ಅವರ ಬಾಯಲ್ಲಿ ಅದು 'ಅತ್ತು ಅಂದಾಗ ಆರೋದು'. ಹೊಂಬಾಳಮ್ಮ ಮೇಡಂ ಕೇಳಿದ್ರೆ, ಅತ್ತ ಮೇಲೆ ಏನು ಆರುತ್ತೋ, ಕಣ್ಣೀರೋ ದೀಪಾನೋ ಅಂತಿದ್ರೋ ಏನೋ. ಮೂರು ವಾರದ ಹಿಂದೆ ಒಂದು ದಿನ ಮೊಬೈಲನ್ನ ಕಟ್ಟೆ ಮೇಲೆ ಒಂದು ಚಪ್ಪಲಿಗೆ ಒರಗಿಸಿ ಇಟ್ಟಿದ್ರು. ಕಬ್ಬಿನ ಟ್ರ್ಯಾಕ್ಟರ್ ಒಂದು ಡಬಲ್ ಟ್ರೇಲರ್ ಎಳ್ಕೊಂಡು, ಸ್ಪೀಕರ್ ಹಾಕ್ಕೊಂಡು, ಸೇತುವೆ ಮೇಲೆ ಬರ್ತಿತ್ತು. ಒಂದು, ಎರಡು, ಮೂರು, ನಾಕು, ಐದು. ಆರು, ಅಂತ ಶಿವರಾಜು ಕೂಗಿದ. ಯತೀಶ ಹಾರಿಬಿಟ್ಟ. ಕೆಳಗಡೆ ಆಗ ತಾನೇ ಸೇತುವೆ ನೆರಳಿಂದ ಹೊರಗೆ ಬರ್ತಿತ್ತು, ನೆಮ್ಮದಿಯಾಗಿ, ಮೂಗು ಮಾತ್ರ ಮೇಲೆ ಇಟ್ಕೊಂಡು, ಬೋರಯ್ಯನ ಎಮ್ಮೆ.

ಆ ಕಡೆ ಜನಕ್ಕೆ ಇದಕ್ಕಿಂತ ದೊಡ್ಡ ವಿಷಯ ಬೇಕಾಗಿರ್ಲಿಲ್ಲ. ಯಮನ ಮನೆಯ ದನದ ಮೇಲೇ ಬಿದ್ದು ಟಿಕೆಟ್ ತಗೊಳ್ದೆ ವಾಪಸ್ ಬಂದವ್ನೆ ಅಂದ್ರು. ತೊಡೆ ಮೂಳೆ ಮುರಿದು, ಪಾದ ತಿರುಚಿ, ಮಂಡ್ಯದ ಆಸ್ಪತ್ರೇಲಿ ಮಲಗಿದ್ದವನ ವಿಡಿಯೋಗೆ ಯಾರೋ ಪುಣ್ಯಾತ್ಮ ಎಮ್ಮೆ ಕೂಗೋ ಸದ್ದು ಸೇರಿಸಿ ಹರಿಬಿಟ್ಟ. ವರ್ಷವಿಡೀ ಪ್ರಾಣ ಪಣಕ್ಕಿಟ್ಟು ಹಾರಿದಾಗ ಬರದ ಲೈಕು ಎಮ್ಮೆ ಮೇಲೆ ಬಿದ್ದಿದ್ದಕ್ಕೆ ಬಂತು. ಯತಿ ದಿ ಡೈವರ್ ಹೋಗಿ 'ಎಮ್ಮೆ ಯತೀಸ' ಆದ. ಬೋರಯ್ಯ ತನ್ನದೇ ದುಃಖ ಹಿಡ್ಕೊಂಡು ಕಾಲೋನಿಗೆ ಬಂದಿದ್ದ: "ಅದು ಎದರ್ಕಂಡ್ಬುಟ್ಟದೆ ಕಣ್ರಪ್ಪ. ಆಲ್ ಕರಿಯಕ್ ಕುಂತ್ರೆ ಆಕಾಸ ನೋಡ್ತದೆ."

ಅಷ್ಟೇ ಆಗಿದ್ರೆ ನಕ್ಕು ಮರೀತಿದ್ರು. ವಿಡಿಯೋದಲ್ಲಿ ಶಿವರಾಜು ಮುಖ ಕಾಣಲ್ಲ, ದನಿ ಮಾತ್ರ ಇದೆ. ಆ ದನಿ ಐದು ಅಂದ ಮೇಲೆ 'ಆರು' ಅನ್ನುತ್ತೆ. ಹತ್ತಕ್ಕೆ ಹಾರಬೇಕಾದವನು ಆರಕ್ಕೆ ಯಾಕೆ ಹಾರ್ದ ಅಂತ ಟೀ ಅಂಗಡೀಲಿ ಯಾರೋ ಒಬ್ರು ಕೇಳಿದ್ದೇ ತಡ, ಇನ್ನೊಬ್ರು, "ಇವ್ನೇ ಆರು ಅಂದವ್ನಲ್ಲ ಮತ್ತೆ" ಅಂದ್ರು. ಕಾಲೋನಿ ಎರಡು ಪಾರ್ಟಿ ಆಯ್ತು. ಫೋನನ್ನ ಕಿವಿಗೊತ್ಕೊಂಡು ಕೇಳೋರು, ಸ್ಪೀಕರಿಗೆ ಹಾಕಿ ಕೇಳೋರು. ಅರ್ಧ ಜನಕ್ಕೆ ಅದು ಐದರ ಮುಂದಿನ ಆರು. ಇನ್ನರ್ಧಕ್ಕೆ ಅದು ಹಾರು, ನೆಗಿ, ಬೀಳು. ಎಮ್ಮೆ ಇರೋದು ನೋಡಿ ಬೇಕಂತ್ಲೇ ಅಂದ ಅನ್ನೋರು; ಇಲ್ಲ, ಹುಡುಗ ಎಣಿಸ್ತಿದ್ದ ಅನ್ನೋರು. ಇಡೀ ಬೀದೀಲಿ ಒಬ್ಬನಿಗಾದ್ರೂ ಹಕಾರ ಬಂದಿದ್ರೆ ಈ ಕೇಸೇ ಇರ್ತಿರ್ಲಿಲ್ಲ. ಟ್ಯಾಂಕಿನ ಕೆಳಗೆ ಬೀಡಿ ಸೇದ್ತಾ ಕೂತಿರೋ ಮರಿಸಿದ್ದಯ್ಯಜ್ಜ ಎರಡು ಪಾರ್ಟಿಗೂ ಸೇರದೆ ಒಂದೇ ಮಾತು ಅಂದಿದ್ದ: "ಆರು ಅಂದ್ರೆ ಆರು, ಇನ್ನೇನ್ ಇರ್ತದೆ ಅದ್ರಲ್ಲಿ." ಅದನ್ನೂ ಎರಡೂ ಪಾರ್ಟಿಯವರು ತಮ್ಮ ಕಡೆ ಸಾಕ್ಷಿ ಅಂತ ಬರೆಸ್ಕೊಂಡ್ರು.

ನಿಜವಾದ ತೊಂದರೆ ಏನಂದ್ರೆ ಶಿವರಾಜುಗೂ ಗೊತ್ತಿರ್ಲಿಲ್ಲ. ಐದಾದ ಮೇಲೆ ಆರು ಬರೋದು ಲೋಕಧರ್ಮ, ಅದಕ್ಕೆ ಮನಸ್ಸು ಬೇಕಾಗಿಲ್ಲ, ನಾಲಗೆ ಸಾಕು. ಆದ್ರೆ ವಿಡಿಯೋದಲ್ಲಿ ಆರು ಐದಕ್ಕಿಂತ ಜೋರಾಗಿದೆ. ಯಾಕೆ ಜೋರು? ಟ್ರ್ಯಾಕ್ಟರ್ ಹತ್ರ ಬಂದಿತ್ತು, ಅದಕ್ಕೆ. ಅದಕ್ಕೇನಾ? ಅವತ್ತು ಸೇತುವೆಗೆ ಹೋಗೋ ದಾರೀಲಿ ಯತೀಶ ಎಲ್ಲರ ಮುಂದೆ ಅಂದಿದ್ದ, "ನಮ್ ಸಿವರಾಜ ಬುಡ್ರಲಾ, ಬಸ್ಸಿಂದ ಇಳಿಯಕ್ಕೂ ಬಸ್ಸು ನಿಂತ್ಕಬೇಕು." ಎಲ್ರೂ ನಕ್ಕಿದ್ರು, ಇವನೂ ನಕ್ಕಿದ್ದ, ಇವನದೇ ಎಲ್ಲರಿಗಿಂತ ಕೊನೇಗೆ ನಿಂತ ನಗು. ಬಸ್ ಸ್ಟಾಂಡಲ್ಲಿ ಕೆಲಸ ಮಾಡೋನು ನಿಂತ ಬಸ್ಸಿಂದ ಇಳೀತಾನೆ ಅನ್ನೋದು ನೀರಿಗೆ ಹೆದರೋ ಮೀನಿನಷ್ಟೇ ಅವಮಾನ. ಕಟ್ಟೆ ಮೇಲೆ ಯತೀಶ ಕೂದಲು ಸರಿಮಾಡ್ಕೊಳ್ತಿದ್ದಾಗ ಶಿವರಾಜು ಕೆಳಗೆ ಬಗ್ಗಿ ನೋಡಿದ್ದ. ನೀರಲ್ಲಿ ಎರಡು ಕೊಂಬು ಕಂಡ ಹಾಗೂ ಇತ್ತು, ಕಬ್ಬಿನ ಸೋಗೆ ತೇಲಿದ ಹಾಗೂ ಇತ್ತು. ನಾಕು, ಐದು ಅನ್ನುವಾಗ ಹೊಟ್ಟೆಯೊಳಗಿಂದ ಒಂದು ಮಾತು ಎದ್ದು ಬಂತು, ಸಾಕು ನಿನ್ನ ಕೂದಲು, ಹಾರಿ ತೊಲಗು ಅಂತ. ಅದು ಗಂಟಲಿಗೆ ಬಂದಾಗ ಅಲ್ಲಿ ಆಗ್ಲೇ ಆರು ಅನ್ನೋ ಅಂಕೆ ಬಾಗಿಲಲ್ಲಿ ನಿಂತಿತ್ತು. ಎರಡೂ ಒಂದೇ ಅಂಗಿ ತೊಟ್ಟು ಹೊರಗೆ ಹೋದ್ವು. ಯಾರು ಮೊದಲು ಹೋದ್ರು ಅಂತ ಬಾಗಿಲು ಕಾಯೋನಿಗೇ ಗೊತ್ತಿಲ್ಲ.

ಸಮುದಾಯ ಭವನದಲ್ಲಿ ಆಮೇಲೆ ಒಂದು ಜಾಗೃತಿ ಶಿಬಿರವೂ ನಡೀತು. ಹೊರಗಿನಿಂದ ಬಂದ ಸಾರ್ ಒಬ್ರು ಇಸ್ತ್ರಿ ಮಡಿಕೆ ಕೆಡದ ಹಾಗೆ ನಿಂತ್ಕೊಂಡು, ಬಡ ಬಡಾವಣೆಯ ಯುವಕರಲ್ಲಿ ಅಪಾಯಕಾರಿ ವರ್ತನೆ ಯಾಕೆ ಜಾಸ್ತಿ, ನೀವು ಯಾಕೆ ರಿಸ್ಕ್ ತಗೋತೀರಾ ಅಂತ ಕೇಳಿದ್ರು. ಮರಿಸಿದ್ದಯ್ಯಜ್ಜ ಪಕ್ಕದವನನ್ನ ತಿವಿದು, "ರಸ್ಕ್ ಯಾವಾಗ ಕೊಟ್ಟಾರಂತ್ಲಾ?" ಅಂದ. ಶಿವರಾಜು ಹಿಂದಿನ ಸಾಲಲ್ಲಿ ಕೂತು ಯೋಚಿಸ್ತಿದ್ದ. ಅವ್ವನ ಗಾರ್ಮೆಂಟ್ಸ್ ವ್ಯಾನಲ್ಲಿ ಸೀಟಿಗಿಂತ ಎರಡರಷ್ಟು ಹೆಂಗಸ್ರು, ಬಾಗಿಲಿಗೆ ಹಗ್ಗ. ಹಲಗೂರ್ ಬಸ್ಸಲ್ಲಿ ಕಾಲೇಜು ಹುಡುಗರು ಏಣಿ ಹಿಡ್ಕೊಂಡು ಬಾವಲಿ ಹಂಗೆ ಜೋತಾಡ್ತಾರೆ. ವಡೆ ಪುಟ್ಟಿ ತಲೆ ಮೇಲಿಟ್ಕೊಂಡು ಓಡೋ ರೈಲು ಹತ್ತೋರು, ಮ್ಯಾನ್‌ಹೋಲಿಗೆ ಹಗ್ಗ ಕಟ್ಕೊಂಡು ಇಳಿಯೋರು. ಅವನ್ನೆಲ್ಲ ಯಾರೂ ವರ್ತನೆ ಅಂತಿರ್ಲಿಲ್ಲ, ಹೊಟ್ಟೆಪಾಡು ಅಂತಿದ್ರು. ಸಂಬಳಕ್ಕೆ ಸಾಯೋಕೆ ಹೋದ್ರೆ ಕಷ್ಟಜೀವಿ, ಖುಷಿಗೆ ಹೋದ್ರೆ ಅಪಾಯಕಾರಿ. ಎದ್ದು ಕೇಳ್ಬೇಕು ಅನ್ನಿಸ್ತು. ಕೇಳೋಕೆ ಬಾಯಿ ತೆರೀಬೇಕು, ಬಾಯಿ ತೆರೆದ್ರೆ ಎಲ್ರೂ ತಿರುಗಿ ನೋಡ್ತಾರೆ, ಇವ್ನೇ ಕಣ್ಲಾ ಆರು ಅಂದವ್ನು ಅಂತಾರೆ. ಕೊನೇಲಿ ಟೀ ಕೊಟ್ರು, ಜೊತೇಲಿ ನಿಜವಾಗ್ಲೂ ರಸ್ಕ್ ಕೊಟ್ರು. ಅಜ್ಜ ಇವನ ಪಾಲಿಂದೂ ಇಸ್ಕೊಂಡು, "ತಕಳದ್ರಾಗೆ ಏನ್ ತಪ್ಪದೆ?" ಅಂದ.

"ಏನ್ಲಾ, ನನ್ ಕಂಡ್ರೆ ಬಸ್ ಅತ್ತೀಯಾ?"

ಚಲುವಮ್ಮ. ಹೋಟ್ಲು ಕೆಲಸ ಮುಗಿಸಿ, ಸೆರಗಲ್ಲಿ ಕೈ ಒರೆಸ್ಕೊಳ್ತಾ, ಹಲಗೂರ್ ಬಸ್ಸಿನ ಬಾಗಿಲಿಗೇ ಬಂದು ನಿಂತಿದ್ಲು. ಶಿವರಾಜು ಅವಳನ್ನ ದೂರದಿಂದ ನೋಡಿದ ತಕ್ಷಣ ಒಳಗೆ ಹತ್ತಿ ಸೀಟಿನ ಕೆಳಗೆ ಏನೋ ಹುಡುಕೋ ಹಾಗೆ ಬಗ್ಗಿದ್ದ. ಬಗ್ಗಿದವನ ಹಿಂಭಾಗ ಮೊದಲು ಕಂಡಿದ್ದು ಅವಳಿಗೇ. ಅವಳ ಕಣ್ಣು ಕೆಂಪಗಿತ್ತು. ಈರುಳ್ಳಿ, ಅಂತ ಅವನು ತನಗೆ ತಾನೇ ಹೇಳ್ಕೊಂಡ.

"ಇಲ್ಲ ಕಣವ್ವ, ಟಿಕೆಟ್ ಬಿದ್ದೋಗಿತ್ತು."

"ನೀನೇನ್ ಟಿಕೆಟ್ ತಕಂಡಿದ್ದೀಯಲಾ, ನಿಂತಲ್ಲೇ ನಿಂತಿರೋನು? ಇಳಿ ಕೆಳಿಕೆ. ಯತೀಸ ಕರೀತವ್ನೆ. ಆಸ್ಪತ್ರೆಯಿಂದ ಬಂದಾಗಿಂದ ಗ್ವಾಡೆ ನೋಡ್ಕಂಡ್ ಮಲಗಿದ್ನಲ್ಲ, ಇವತ್ತು ಬಾಯ್ ಬುಟ್ಟು, ಸಿವರಾಜನ್ನ ಕಳ್ಸು ಅಂದ." ನಾಗರಾಜು ಟಿಕೆಟ್ ಮಿಷನ್ ನೋಡೋ ಹಾಗೆ ಮಾಡ್ತಾ ಕಿವಿ ಮಾತ್ರ ಈ ಕಡೆ ಇಟ್ಟಿದ್ದ. ಚಲುವಮ್ಮ ಶಿವರಾಜು ಹತ್ರಕ್ಕೆ ಬಂದ್ಲು. "ನಾನೂ ಕೇಳ್ಬೇಕು ಒಂದ್ ಮಾತ. ಏನಂದ್ಲಾ ಆವತ್ತು ನೀನು?"

"ಆರು ಅಂದೆ ಕಣವ್ವ."

"ಅದೇ ಕಣ್ಲಾ ನಾನೂ ಕೇಳ್ತಿರೋದು. ಐದಾದ್ಮೇಲೆ ಆರು ಅಂದ್ಯೋ, ಐದಾದ್ಮೇಲೆ ಆರು ಅಂದ್ಯೋ?"

ಲೋಕದಲ್ಲಿ ಎಲ್ಲಾ ಕಳ್ಳರಿಗೂ ತಪ್ಪೊಪ್ಪಿಗೆ ಒಂದು, ತಪ್ಪಿಸ್ಕೊಳ್ಳೋ ಮಾತು ಇನ್ನೊಂದು ಇರುತ್ತೆ. ಇವನಿಗೆ ಎರಡೂ ಒಂದೇ ಮಾತಲ್ಲಿ ಬರ್ತಿತ್ತು. ನಿಜ ಹೇಳಿದ್ರೂ ಅದೇ, ಸುಳ್ಳು ಹೇಳಿದ್ರೂ ಅದೇ.

"ನಂಬರ್ ಆರು," ಅಂದ.

"ನಿನ್ ಮ್ಯಾಲೆ ಆಣೆ ಮಾಡಿ ಯೋಳಿವ್ನಿ ಕಣ್ಲಾ ಎಲ್ರಿಗೂ, ನಮ್ ಸಿವರಾಜ ಅಂತವ್ನಲ್ಲ ಅಂತ. ಅವ್ನು ನನ್ ಕೈ ತುತ್ತು ತಿಂದವ್ನೆ ಅಂದಿವ್ನಿ." ಅವಳು ಅವನ ಮುಖಾನೇ ನೋಡಿದ್ಲು. "ನನ್ ಮಗ ಏನ್ ಕೇಳಿಸ್ಕಂಡ್ನೋ ಅವ್ನೇ ಯೋಳ್ಲಿ. ಅವ್ನು ಏನ್ ಯೋಳ್ತಾನೋ ಅದೇ ನಂಗೆ. ನಡಿ ಮೊದ್ಲು."

ನಾಗರಾಜು, "ಓಗ್ಲಾ ಓಗು, ಅಲಗೂರು ನಾನೇ ಕೂಗ್ಕತೀನಿ" ಅಂದ, ಕತೆ ಕೊನೆ ಸಿಗದ ನಿರಾಸೆಯಿಂದ. ಚಲುವಮ್ಮ ಮುಂದೆ, ಇವನು ಹಿಂದೆ. ದಾರಿಯುದ್ದಕ್ಕೂ ಅವಳ ಹಿಮ್ಮಡಿ ಒಡಕು ನೋಡ್ತಾ ಬಂದ. ಚಿಕ್ಕವನಿದ್ದಾಗ ಜ್ವರ ಬಂದ್ರೆ ಇದೇ ಹಿಮ್ಮಡಿ ಹಿಂದೆ ಆಸ್ಪತ್ರೆಗೆ ನಡೆದಿದ್ದ. ಯತೀಶನ್ನ ಸೊಂಟದಲ್ಲಿ ಎತ್ಕೊಂಡು ಇವನನ್ನ ನಡೆಸ್ತಿದ್ಲು, ಆಮೇಲೆ ಅರ್ಧ ದಾರೀಲಿ ಯತೀಶನ್ನ ಇಳಿಸಿ ಇವನನ್ನ ಎತ್ಕೊಳ್ತಿದ್ಲು. ಲೆಕ್ಕ ತಪ್ಪದ ಹೆಂಗಸು. ಇವತ್ತು ಯತೀಶ ಒಂದು ಮಾತು ಅಂದ್ರೆ ಆ ಸೊಂಟ, ಆ ತಟ್ಟೆ, ಆ ಅಡುಗೆಮನೆ ಮೂಲೆ ಎಲ್ಲಾ ಹೋಗುತ್ತೆ. ತನ್ನ ಸ್ವಂತ ಮನೆ ಹೋದ್ರೂ ಇಷ್ಟು ಭಯ ಆಗ್ತಿರ್ಲಿಲ್ಲವೇನೋ, ಅಲ್ಲಿ ಅವನು ಬರೀ ಮಲಗ್ತಿದ್ದ. ಹಾರು ಅಂತ ಕೇಳಿಸ್ತು ಅಂದ್ಬಿಟ್ರೆ? ಅಂದ್ರೆ ಅಂದ. ಅವನ ಕಿವಿ, ಅವನ ಕಾಲು. ನಾಲೆ ಪಕ್ಕದಲ್ಲಿ ಬೋರಯ್ಯನ ಎಮ್ಮೆ ಹುಲ್ಲಿಗೆ ಬಾಯಿ ಹಾಕ್ತಾ ನಿಂತಿತ್ತು. ಇವನನ್ನ ನೋಡಿ ಮೇಯೋದು ನಿಲ್ಲಿಸ್ತು. ಕಣ್ಣೆದುರೇ ಎಲ್ಲಾ ಆಗಿದ್ದನ್ನ ಕಂಡು ಯಾವ ಪಾರ್ಟಿಗೂ ಸೇರದ ಒಂದೇ ಸಾಕ್ಷಿ, ಅದಕ್ಕೂ ಹಕಾರ ಬರಲ್ಲ.

ಯತೀಶ ಹೊರಗಿನ ಕೋಣೇಲಿ ಕಬ್ಬಿಣದ ಮಂಚದ ಮೇಲೆ ಮಲಗಿದ್ದ. ಒಂದು ಕಾಲು ತೊಡೆಯಿಂದ ಪಾದದವರೆಗೆ ಬಿಳೀ ಪ್ಲಾಸ್ಟರ್ ಬ್ಯಾಂಡೇಜ್. ಗಡ್ಡ ಬೆಳೆದಿತ್ತು, ಕೂದಲು ಮಾತ್ರ ಯಾರೋ ನೀರು ಹಚ್ಚಿ ಬಾಚಿದ್ರು. ಚಲುವಮ್ಮ ಕಾಫಿ ಕಾಸೋಕೆ ಒಳಗೆ ಹೋದ್ಲು. ಹೋಗ್ತಾ ಬಾಗಿಲ ಪರದೆ ಪೂರ್ತಿ ಎಳೀಲಿಲ್ಲ.

"ಕುಂತ್ಕೊ," ಅಂದ ಯತೀಶ. ಶಿವರಾಜು ನಿಂತೇ ಇದ್ದ. "ಕುಂತ್ಕೊಳ್ಲಾ, ಕೂರಕ್ಕೂ ಮಂಚ ನಿಂತ್ಕಬೇಕಾ?"

ನಗು ಬರ್ಲಿಲ್ಲ ಇಬ್ರಿಗೂ.

"ನೋಯ್ತದಾ?" ಅಂದ ಶಿವರಾಜು.

"ಕಾಲಾ? ಕಾಲು ಪರ್ವಾಗಿಲ್ಲ. ಒಸಿ ಕುಂಟ್ತೀನಂತೆ, ಡಾಕ್ಟ್ರು ಯೋಳವ್ರೆ. ಎಮ್ಮೆ ಅಂತಾರಲ್ಲ ಎಲ್ರೂ, ಅದು ನೋಯ್ತದೆ." ಗೋಡೆ ನೋಡ್ದ. ಆಮೇಲೆ ದನಿ ಇಳಿಸಿ, "ಸತ್ತಿದ್ರೆ ಚೆನ್ನಾಗಿರ್ತಿತ್ತು ಕಣ್ಲಾ. ಫ್ಲೆಕ್ಸ್ ಬೀಳ್ತಿತ್ತು," ಅಂದ.

"ಬಾಯ್ ಮುಚ್ಚು."

"ಸಿವರಾಜ, ನೀನು ಆರು ಅಂದೆ."

"ಯಾವ ಆರು?"

"ನಂಬರ್ ಆರು. ನಂಗೇನ್ ಕಿವಿ ಇಲ್ವಾ? ಐದಾದ್ಮೇಲೆ ಆರು."

ಅಂತೂ ಸಿಕ್ತು. ಮೂರು ವಾರದಿಂದ ಊರೆಲ್ಲ ಹುಡುಕಿದ ನಿರಪರಾಧಿತ್ವ ಎದುರುಗಡೆ ಮಂಚದ ಮೇಲೆ ಗಡ್ಡ ಬಿಟ್ಕೊಂಡು ಮಲಗಿತ್ತು. ಎದೆ ಹಗುರ ಆಗ್ಬೇಕಿತ್ತು. ಆಗ್ಲಿಲ್ಲ. ಬೇರೆ ಯಾರದೋ ಚಪ್ಪಲಿ ಹಾಕ್ಕೊಂಡ ಹಾಗೆ, ಕಾಲು ಒಳಗೆ ಹೋಯ್ತು, ಹೊಂದಿಕೊಳ್ಳಲಿಲ್ಲ.

"ಮತ್ಯಾಕೆ ಆರ್ದೆ?"

ಯತೀಶ ಪರದೆ ಕಡೆ ನೋಡ್ದ. ಒಳಗೆ ಪಾತ್ರೆ ಸದ್ದು. "ನೀನು ಏಳು ಅಂದಿದ್ರೆ ನಾನು ಕೆಳಿಕ್ ಇಳ್ದುಬುಡ್ತಿದ್ದೆ ಕಣ್ಲಾ."

"ಏನಂದೆ?"

"ಕಾಲು ನಡುಗ್ತಿದ್ವು. ಯಾವಾಗ್ಲೂ ನಡುಗ್ತವೆ. ಎಂಟು ಒಂಬತ್ತು ಬರೋವತ್ಗೆ ಜೀವ ಬಾಯಿಗ್ ಬತ್ತದೆ, ಎಂಗೋ ತಡ್ಕತಿದ್ದೆ. ಆವತ್ತು ಆರಕ್ಕೇ ಬಂದ್ಬುಡ್ತು. ಇನ್ನೊಂದ್ ನಂಬರ್ ನಿಂತಿದ್ರೆ ಎಲ್ರ ಮುಂದೆ ಕುಂತ್ಬುಡ್ತಿದ್ದೆ. ಕುಂತ್ಕಳದಕ್ಕಿಂತ ಆರದೇ ವಾಸಿ ಅಂತ ಆರ್ಬುಟ್ಟೆ."

"ಎಮ್ಮೆ ಕಾಣ್ಲಿಲ್ವಾ?"

"ಕಣ್ ಮುಚ್ಕಂಡಿದ್ದೆ. ಯಾವಾಗ್ಲೂ ಮುಚ್ಕಂಡೇ ಆರದು."

ಊರಿಗೆ ಧೈರ್ಯ ಹಂಚಿದ ಡೈವರು ಕುರುಡು ಡೈವರು. ಶಿವರಾಜುಗೆ ಇದನ್ನ ಬಸ್ ಸ್ಟಾಂಡಲ್ಲಿ ನಿಂತು, ದೊಡ್ಡಿ ದೊಡ್ಡಿ ಅಂತ ಕೂಗೋ ಗಂಟಲಲ್ಲಿ ಕೂಗಬೇಕು ಅನ್ನಿಸ್ತು. ಅದೇ ಗಳಿಗೇಲಿ ಮಂಚದ ಅಂಚಲ್ಲಿ ಕೂತು ಅವನ ಬಾಚಿದ ಕೂದಲು ಕೆದರಬೇಕು ಅನ್ನಿಸ್ತು. ಎರಡೂ ಮಾಡ್ಲಿಲ್ಲ. ಇಷ್ಟು ವರ್ಷ ತಾನು ಹೆದರಿಕೆಯಿಂದ ಕಟ್ಟೆ ಹತ್ತಿರಲಿಲ್ಲ, ಇವನು ಹೆದರಿಕೆಯಿಂದ ಕಟ್ಟೆ ಇಳಿದಿರಲಿಲ್ಲ. ಪುಕ್ಕಲುತನದಲ್ಲೂ ಇವನೇ ಮೇಲೆ ನಿಂತಿದ್ದ.

"ಮಗಾ, ಒಂದ್ ಉಪ್ಕಾರ ಮಾಡು," ಅಂದ ಯತೀಶ. "ನೀನು ಆರು ಅಂದೆ ಅಂತ್ಲೇ ಯೋಳ್ಬುಡು."

"ಅದೇ ತಾನೆ ಯೋಳ್ತಿರೋದು ಇಷ್ಟ್ ದಿನದಿಂದ!"

"ಆ ಆರಲ್ಲ ಕಣ್ಲಾ. ಈ ಆರು." ಯತೀಶ ಅಂಗೈಯನ್ನ ಹಾಸಿಗೆ ಮೇಲಿಂದ ಎತ್ತಿ, ಗಾಳೀಲಿ ಕಮಾನು ಬರೆದು, ಬೆರಳು ಕೆಳಗಾಗಿ ಮಂಚದಾಚೆ ಬೀಳಿಸ್ದ. "ನೀನು ಅಂದೆ, ನಂಬ್ಕಂಡು ಆರ್ದೆ. ಮೋಸ ಓದೆ. ಮೋಸ ಓದವ್ನ ಯಾರೂ ನಗಲ್ಲ. ನಂಗೆ ಇನ್ನೇನೂ ಉಳಿದಿಲ್ಲ ಕಣ್ಲಾ. ಡ್ರೈವರ್ ಕೆಲ್ಸವೂ ಇಲ್ಲ, ಕಾಲೂ ಇಲ್ಲ. ಅವ್ವನಿಗೆ ಗೊತ್ತಾಗ್ಬಾರ್ದು, ನಾನು ಕಣ್ ಮುಚ್ಕಂಡ್..." ಅವನ ಕಣ್ಣು ಒದ್ದೆಯಾಗಿತ್ತು. ಈ ಕೋಣೇಲಿ ಈರುಳ್ಳಿ ಇರ್ಲಿಲ್ಲ.

"ನಿಮ್ಮವ್ವ ನನ್ನ ಮನೆ ಬಾಗ್ಲು ಮೆಟ್ಟುಸ್ತಾಳಾ ಆಮೇಲೆ?" ಅಂದ ಶಿವರಾಜು.

ಯತೀಶ ಜವಾಬು ಕೊಡೋ ಮೊದಲೇ ಪರದೆ ಸರೀತು. ಚಲುವಮ್ಮ ಎರಡು ಲೋಟ ಹಿಡ್ಕೊಂಡು ನಿಂತಿದ್ಲು. ಮಾಮೂಲಿನ ಹಾಗೆ ಶಿವರಾಜು ಲೋಟಕ್ಕೆ ಸಕ್ಕರೆ ಜಾಸ್ತಿ ಹಾಕಿ, ಕೊಡದೆ, ಕೈಯಲ್ಲೇ ಇಟ್ಕೊಂಡು, ಮಗನ್ನ ಕೇಳಿದ್ಲು, "ಕೇಳಿದ್ಯಾ? ಏನಂದ್ನಂತೆ?"

ಯತೀಶ ಗೋಡೆಗೆ ಮುಖ ಮಾಡ್ದ. ಗೋಡೆಯ ಆ ಜಾಗ ಅವನ ಉಸಿರಿಗೇ ನುಣ್ಣಗಾಗಿರ್ಬೇಕು. ಶಿವರಾಜು ಅವಳ ಕೈಯಲ್ಲಿದ್ದ ಲೋಟದ ಹಬೆ ನೋಡ್ದ. ಆರು ಅಂದೆ ಅಂದ್ರೆ ಸಾಕಾಗಿತ್ತು, ಆ ಹಳೇ ಮಾತು, ಎರಡೂ ಕಡೆ ಬಾಗಿಲಿರೋ ಮಾತು. ಅವಳು ತನಗೆ ಬೇಕಾದ ಕಡೆಯಿಂದ ಒಳಗೆ ಬರ್ತಿದ್ಲು, ಇವನು ಬೇಕಾದ ಕಡೆಯಿಂದ ಹೊರಗೆ ಹೋಗ್ತಿದ್ದ. ಅಷ್ಟರಲ್ಲಿ ಹೊಟ್ಟೆಯೊಳಗಿನ ಮಾತು ಮತ್ತೆ ಎದ್ದು ಬಂತು, ಸೇತುವೆ ಮೇಲೆ ಬಂದಿದ್ದೇ. ಈ ಸಲ ಬಾಗಿಲಲ್ಲಿ ಯಾವ ಅಂಕೆಯೂ ನಿಂತಿರ್ಲಿಲ್ಲ.

"ಹಾರು ಅಂದೆ ಕಣವ್ವ," ಅಂದ. "ಹಾರು. ನಂಬರ್ ಅಲ್ಲ."

ಮಾತು ಎಷ್ಟು ಸ್ವಚ್ಛವಾಗಿ ಬಂತು ಅಂದ್ರೆ ಯತೀಶ ಗೋಡೆ ಬಿಟ್ಟು ತಿರುಗಿ ನೋಡ್ದ. ಚಲುವಮ್ಮ ಒಂದು ಹೆಜ್ಜೆ ಹಿಂದೆ ಸರಿದ್ಲು, ಯಾರೋ ಗುರುತಿಲ್ಲದವನು ಮನೆಯೊಳಗೆ ನಿಂತು ಮಾತಾಡಿದ ಹಾಗೆ. ಆಮೇಲೆ ಲೋಟ ಕೆಳಗಿಟ್ಲು. ಚೆಲ್ಲದ ಹಾಗೆ, ಮೆತ್ತಗೆ, ತನ್ನ ಮಗನ ಕಡೆಗೆ ಎರಡನ್ನೂ.

"ಎಮ್ಮೆ ಕಂಡಿತ್ತಾ?"

"ಕಂಡಿತ್ತು," ಅಂದ. ಅದು ಸುಳ್ಳೋ ನಿಜವೋ ಅವನಿಗೆ ಈಗ್ಲೂ ಗೊತ್ತಿರ್ಲಿಲ್ಲ. ಹೇಳಿದ ಮೇಲೆ ಮಾತ್ರ ಕೊಂಬು ನೀರಿನ ಮೇಲೆ ನಿಚ್ಚಳವಾಗಿ ಕಾಣಿಸ್ತು, ಎರಡೂ.

"ನನ್ ಮನೆ ಅನ್ನ ತಿಂದ್ ಬಾಯ್ಲಾ ಅದು!" ಕೈ ಎತ್ತಿದ್ಲು. ಹೊಡೀಲಿಲ್ಲ. ಹೊಡೆದಿದ್ರೆ ಮನೆ ಮಗನ ಲೆಕ್ಕ ಆಗ್ತಿತ್ತು. "ನಿನ್ ಬಾಯ್ಗೆ ಮಣ್ಣಾಕ. ಊರ್ ತುಂಬಾ ನಿನ್ ಪರ ಆಣೆ ಆಕಂಡ್ ತಿರುಗ್ದೆನಲ್ಲೋ ನಾನು."

"ಬುಡವ್ವ," ಅಂತು ಮಂಚದಿಂದ ಒಂದು ದನಿ. ದಪ್ಪಗೆ, ದೊಡ್ಡದಾಗಿ, ಸೇತುವೆ ಕಟ್ಟೆ ಮೇಲಿಂದ ಬರ್ತಿದ್ದ ಅದೇ ದನಿ. ಯತೀಶ ದಿಂಬಿಗೆ ಒರಗಿ ಅರ್ಧ ಎದ್ದಿದ್ದ. ಕೂದಲು ಸರಿಮಾಡ್ಕೊಂಡ. "ಏನೋ ಗ್ಯಾನ ತಪ್ಪಿ ಅಂದವ್ನೆ. ಸ್ನೇಯ್ತ ಅಲ್ವಾ. ನಾನು ಯಾವತ್ತೋ ಮನ್ಸಿಂದ ತೆಗ್ದಾಕಿವ್ನಿ. ಹೋಗ್ಲಿ ಪಾಪ."

ಅವನಿಗೂ ಹಕಾರ ಬಂದುಬಿಟ್ಟಿತ್ತು. ದೊಡ್ಡ ಮನಸ್ಸು ಮಾಡಿದ್ರೆ ಉಚ್ಚಾರಣೆಯೂ ಸುಧಾರಿಸುತ್ತೆ ಅಂತ ಕಾಣುತ್ತೆ.

ಚಲುವಮ್ಮ ಮಗನನ್ನ ನೋಡಿದ್ಲು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಏನೋ ಒಂದು ಹರಡ್ತು, ಬೀದೀಲಿ ತಲೆ ಎತ್ಕೊಂಡು ಹೋಗೋಕೆ ಸಾಕಾಗುವಷ್ಟು. "ನೋಡ್ಲಾ ನನ್ ಮಗನ್ ಗುಣವ," ಅಂದ್ಲು ಶಿವರಾಜುಗೆ, ಮುಖ ನೋಡದೆ. "ಇಂಥಾವ್ನ ಬೀಳ್ಸಿದ್ಯಲ್ಲೋ. ಇಡ್ಕೊ ಅವುನ್ ಕಾಲ. ಇಡ್ಕಂಡು ತೆಪ್ಪಾಯ್ತು ಅನ್ನು. ಆಮ್ಯಾಕೆ ಈ ಬಾಗ್ಲಲ್ಲಿ ನಿನ್ ಮೊಕ ಕಾಣ್ಕೂಡ್ದು."

ಶಿವರಾಜು ಮಂಚದ ಕೊನೆಗೆ ಹೋಗಿ ಬಗ್ಗಿದ. ಹಿಡಿಯೋಕೆ ಹತ್ರ ಇದ್ದಿದ್ದು ಬ್ಯಾಂಡೇಜಿನ ಕಾಲೇ. ಎರಡೂ ಕೈಯಲ್ಲಿ ಹಿಡಿದ. ತಣ್ಣಗೆ, ಗಟ್ಟಿಯಾಗಿ, ಗೋಡೆ ತಬ್ಬಿದ ಹಾಗಿತ್ತು. "ತೆಪ್ಪಾಯ್ತು ಕಣ್ಲಾ," ಅಂದ. ಮೇಲುಗಡೆಯಿಂದ ಯತೀಶ ತಲೆ ಮೇಲೆ ಕೈಯಿಟ್ಟು, "ಏಳ್ಲಾ, ಏಳು, ಆಗಿದ್ದಾಯ್ತು" ಅಂತ ದೊಡ್ಡ ದನೀಲಿ ಕ್ಷಮಿಸ್ತಾ ಇದ್ದ. ಬ್ಯಾಂಡೇಜಿನ ತುದೀಲಿ ಹೊರಗಿದ್ದ ಕಾಲ್ಬೆರಳು ಮಾತ್ರ, ಚಲುವಮ್ಮನಿಗೆ ಕಾಣದ ಹಾಗೆ, ಶಿವರಾಜುವಿನ ಕೆನ್ನೆ ಪಕ್ಕದಲ್ಲೇ, ತಡೆಯೋಕಾಗದೆ ನಡುಗ್ತಿದ್ವು. ಶಿವರಾಜು ಆ ಬೆರಳನ್ನ ಅಂಗೈಯಲ್ಲಿ ಮುಚ್ಚಿ, ನಿಲ್ಲೋವರೆಗೂ ಅದುಮಿ ಹಿಡ್ಕೊಂಡ.